ಸೀತನಿಯ ಸಿಹಿ ಎಲ್ಲಿಗೆ ಹೋಗುತ್ತದೆ?

ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಹಾಲುಗಾಳು ದಾಟಿ, ಇನ್ನೂ ಗಟ್ಟಿಯಾಗದೆ ಇರುವಾಗ ತೆನೆಗಳನ್ನು ಕೆಂಡದಲ್ಲಿ ಸುಡುತ್ತಾರೆ. ಬಿಸಿಬಿಸಿಯಾಗಿಯೇ ಉಜ್ಜಿ, ಹೊಟ್ಟು ತೂರಿ, ಬೆಲ್ಲ ಮತ್ತು ಶೇಂಗಾ ಹಿಂಡಿಯೊಂದಿಗೆ ತಿನ್ನುವ ಈ ಕಾಳೇ ಸೀತನಿ. ಎರಡು ವಾರ ತಡವಾದರೆ ಅದೇ ತೆನೆಯಲ್ಲಿ ಆ ಸಿಹಿ ಇರುವುದಿಲ್ಲ. ಈ ಬದಲಾವಣೆಯ ಗುಟ್ಟು ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು.

ಮೊದಲ ಸಂಶೋಧಕರು ನೋಡಿದ್ದು ಬಲಿತ ಕಾಳನ್ನು ಮಾತ್ರ. 18ನೇ ಶತಮಾನದಲ್ಲಿ ಇಟಲಿಯ ಬೆಕ್ಕಾರಿ ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು ಅಂಟನ್ನು ಬೇರ್ಪಡಿಸಿದರು. 1907ರಲ್ಲಿ ಅಮೆರಿಕದ ಥಾಮಸ್ ಆಸ್ಬಾರ್ನ್ ಗೋಧಿಯ ಪ್ರೋಟೀನುಗಳನ್ನು ಅವು ಯಾವುದರಲ್ಲಿ ಕರಗುತ್ತವೆ ಎಂಬುದರ ಮೇಲೆ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಆದರೆ ಪ್ರೋಟೀನು, ಪಿಷ್ಟಗಳು ಕಾಳಿನೊಳಗೆ ಹೇಗೆ ತುಂಬಿಕೊಂಡವು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರದ ಎಳೆ ಸಿಕ್ಕಿದ್ದು 1960ರ ಆಸುಪಾಸಿನಲ್ಲಿ. ಎಲೆಯಿಂದ ಕಾಳಿಗೆ ಹರಿದು ಬರುವುದು ಸುಕ್ರೋಸ್, ಅಂದರೆ ನಾವು ಚಹಾಕ್ಕೆ ಹಾಕುವ ಸಕ್ಕರೆಯೇ. ಅದು ಒಡೆದು, ಎಡಿಪಿ-ಗ್ಲುಕೋಸ್ ಎಂಬ ರೂಪ ತಾಳಿ, ಕೊಂಡಿಗೆ ಕೊಂಡಿ ಸೇರಿ ಪಿಷ್ಟವಾಗುತ್ತದೆ. ಈ ದಾರಿಯನ್ನು ತೋರಿಸಿದ್ದು ಅರ್ಜೆಂಟೀನಾದ ಲೂಯಿಸ್ ಲೆಲುವಾರ್ ಮತ್ತು ಸಂಗಡಿಗರು. ಸಕ್ಕರೆ ನ್ಯೂಕ್ಲಿಯೊಟೈಡುಗಳ ಕೆಲಸಕ್ಕಾಗಿ ಲೆಲುವಾರ್‌ಗೆ 1970ರಲ್ಲಿ ನೊಬೆಲ್ ಬಂತು. 1966ರಲ್ಲಿ ವಿಜ್ಞಾನಿಗಳಾದ ತ್ಸಾಯ್ ಮತ್ತು ನೆಲ್ಸನ್, ಮುದುಡಿದ ಕಾಳಿನ ಒಂದು ಮೆಕ್ಕೆಜೋಳದಲ್ಲಿ ಎಡಿಪಿ-ಗ್ಲುಕೋಸ್ ತಯಾರಿಸುವ ಕಿಣ್ವವೇ ಕೆಲಸ ಮಾಡುತ್ತಿಲ್ಲವೆಂದು ಕಂಡರು. ಪಿಷ್ಟವಾಗದೆ ಸಕ್ಕರೆ ಸಕ್ಕರೆಯಾಗಿಯೇ ಉಳಿದಿತ್ತು. ಇಂದು ಬೀದಿಬದಿಯಲ್ಲಿ ಬೇಯಿಸಿ ಮಾರುವ ಸ್ವೀಟ್ ಕಾರ್ನ್‌ನ ಅನೇಕ ತಳಿಗಳಲ್ಲಿ ಇರುವುದು ಈ ದೋಷವೇ. ಎಲೆಯಲ್ಲಿ ಈ ಕಿಣ್ವ ಕ್ಲೋರೋಪ್ಲಾಸ್ಟ್‌ನೊಳಗಿದ್ದರೆ, ಧಾನ್ಯದ ಕಾಳಿನಲ್ಲಿ ಬಹುಪಾಲು ಪಿಷ್ಟ ಕೂಡಿಡುವ ಕೋಶಾಂಗದ ಹೊರಗೆ, ಕೋಶದ್ರವದಲ್ಲಿದೆ ಎಂಬುದು ತಿಳಿದದ್ದು 1996ರಲ್ಲಿ!

ಪ್ರೋಟೀನಿನ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಕಾಳು ಬಲಿಯುತ್ತ ಹೋದಂತೆ ಜೋಳದಲ್ಲಿ ಕ್ಯಾಫಿರಿನ್, ಮೆಕ್ಕೆಜೋಳದಲ್ಲಿ ಝೀನ್ (zein) ಎಂಬ ಸಂಗ್ರಹ ಪ್ರೋಟೀನುಗಳು ತುಂಬುತ್ತವೆ. ಇವುಗಳಲ್ಲಿ ನಮ್ಮ ದೇಹಕ್ಕೆ ಬೇಕೇಬೇಕಾದ ಲೈಸಿನ್ ತೀರಾ ಕಡಿಮೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ‘ಓಪೇಕ್-2’ ಎಂಬ ಮೆಕ್ಕೆಜೋಳದಲ್ಲಿ ಲೈಸಿನ್ ಹೆಚ್ಚಿರುವುದು ಕಂಡುಬಂತು. 1973ರಲ್ಲಿ ಅಲ್ಲಿಯೇ ಸಿಂಗ್ ಮತ್ತು ಆಕ್ಸ್‌ಟೆಲ್, ಇಥಿಯೋಪಿಯಾದ ಜೋಳಗಳಲ್ಲಿ ಅಂಥದೇ ಗುಣವನ್ನು ಗುರುತಿಸಿದರು. ಅಲ್ಲಿನ ರೈತರು ಒಂದನ್ನು ‘ನನ್ನ ಬಾಯಲ್ಲಿ ಹಾಲು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಎಳೆಯ ತೆನೆಯನ್ನು ಸುಟ್ಟು ತಿನ್ನುವುದು ಅಲ್ಲಿಯೂ ರೂಢಿ. ನಮ್ಮ ಸೀತನಿಯ ರುಚಿಯೇ ಅದು! ಆದರೆ ಆ ಕಾಳುಗಳು ಮುದುಡಿದವು, ಮೆದು, ಇಳುವರಿ ಕಡಿಮೆ. ಹಾಗಾಗಿ ಹೊಲಗಳಿಗೆ ಹರಡಲಿಲ್ಲ. ರೊಟ್ಟಿಯನ್ನೇ ನಂಬಿದವರ ದೃಷ್ಟಿಯಿಂದ, ಪಿಷ್ಟದ ತೂಕಕ್ಕೆ ಸಂದ ಗಮನದ ಅರ್ಧದಷ್ಟಾದರೂ ಲೈಸಿನ್ ಹೆಚ್ಚಿರುವ ಈ ಗುಣಕ್ಕೆ ಸಲ್ಲಬೇಕಿತ್ತು.

ಜೋಳ ಹೂಬಿಟ್ಟ ಸುಮಾರು 30ರಿಂದ 35 ದಿನಕ್ಕೆ ತಾಯಿಗಿಡದಿಂದ ಆಹಾರ ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಒಂದು ಕಾಳನ್ನು ತೆನೆಯಿಂದ ಬಿಡಿಸಿ ಬುಡ ನೋಡಿ. ಅಲ್ಲಿ ಕಪ್ಪು ಚುಕ್ಕೆ ಕಂಡರೆ, ಕಾಳಿನಲ್ಲಿ ಇನ್ನೂ ಶೇ. 30ರಷ್ಟು ತೇವವಿದ್ದರೂ ಅದು ಬಲಿತಾಯಿತು. ಮುಂದೆ ಅದು ಒಣಗುತ್ತದೆಯೇ ಹೊರತು ತುಂಬುವುದಿಲ್ಲ.