ಮಿರಗದ ಮಳೆ ಮತ್ತು ಮೂರು ಪಂಚಾಂಗ

2025ರ ಜೂನ್ 7, ಶನಿವಾರ ಬಕ್ರೀದ್. ಅದಾಗಿ ನಾಲ್ಕೇ ದಿನಕ್ಕೆ ಕಾರ ಹುಣ್ಣಿಮೆ. ನಡುವೆ ಮಿರಗ ಕೂಡಿತು. ರಾಯಚೂರು ಸೀಮೆಯ ಒಕ್ಕಲುಮಕ್ಕಳು ಮೃಗಶಿರಾ ಮಳೆಯನ್ನು ಹಾಗೆಯೇ ಕರೆಯುವುದು. ಗುಂಜಹಳ್ಳಿಯಲ್ಲಿ ನಮ್ಮ ಚಾಚಾ ಒಬ್ಬರಿದ್ದಾರೆ. ಬಕ್ರೀದ್ ಊಟಕ್ಕೆ ಹೋದ ನಾವು ಅವರ ಒತ್ತಾಯಕ್ಕೆ ಹುಣ್ಣಿಮೆವರೆಗೂ ಉಳಿದೆವು. ಕುರ್ಬಾನಿಯ ಮಾಂಸ ಹಂಚಿದ ಮನೆಯಲ್ಲೇ ಎತ್ತುಗಳ ಕೋಡಿಗೆ ಹಚ್ಚಲು ಬಣ್ಣದ ಡಬ್ಬಿ ಬಂದಿಳಿದಿತ್ತು. ರಾಯಚೂರಿನಲ್ಲಿ ಕಾಲೇಜು ಓದುವ ಅವರ ಮೊಮ್ಮಗ ಆ ಡಬ್ಬಿ ನೋಡಿ, “ದಾದಾ, ಇದು ನಮ್ಮ ಹಬ್ಬಾನಾ?” ಎಂದು ಕೇಳಿದ. ಮುದುಕರು ತಲೆ ಎತ್ತದೆ ದಖನಿಯಲ್ಲಿ, “ಬೈಲಾಂ ಹಮಾರೆ ಹೈಂ ನಾ, ತೋ ಈದ್ ಕಿಸ್ಕಿ?” ಎಂದರು. ಎತ್ತು ನಮ್ಮವಾದ ಮೇಲೆ ಹಬ್ಬ ಯಾರದು ಎಂಬುದು ಅವರ ಮಾತು.

ಹುಡುಗ ಸುಮ್ಮನಾದ, ಆದರೆ ಒಪ್ಪಿದಂತೆ ಕಾಣಲಿಲ್ಲ. ಇಂಥ ಪ್ರಶ್ನೆ ಈಗ ಎರಡೂ ಕಡೆಯಿಂದ ಬರುತ್ತಿದೆ. ಅಲಾಯಿ ಕುಣಿಗೆ ಹೋಗುವ ಹಿಂದೂ ಹುಡುಗರನ್ನೂ ಯಾರೋ ಹೀಗೆಯೇ ಕೇಳುತ್ತಾರೆ. ಅವನಿಗೆ ನಾವು ಅಂದು ಹೇಳಲಾಗದೆ ಉಳಿದ ಉತ್ತರ ಇತಿಹಾಸದ ಲೆಕ್ಕಪುಸ್ತಕಗಳಲ್ಲಿದೆ.

ಮೊದಲು ಪಂಚಾಂಗದ ಮಾತು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅರಬರಲ್ಲಿ ಹಿಂದೆ ತಿಂಗಳುಗಳನ್ನು ಮುಂದೂಡುವ ಪದ್ಧತಿಯಿತ್ತು. ಕುರ್‌ಆನಿನ ತೌಬಾ ಅಧ್ಯಾಯ ಅದನ್ನು ನಿಷೇಧಿಸಿತು. ಹೀಗಾಗಿ ನಮ್ಮ ಹಬ್ಬಗಳಿಗೆ ಋತುವಿನ ಹಂಗಿಲ್ಲ. ಸುಮಾರು 33 ವರ್ಷಕ್ಕೊಮ್ಮೆ ಅವು ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಯುಗಾದಿಯ ಪಂಚಾಂಗದಲ್ಲೂ ತಿಂಗಳು ಚಂದ್ರನದೇ. ಆದರೆ ಸುಮಾರು 33 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸಿ ಅದನ್ನು ಬೆಳೆಯ ಜೊತೆ ಕಟ್ಟಿಹಾಕಿದ್ದಾರೆ. ಚಂದ್ರ ಒಬ್ಬನೇ, ಲೆಕ್ಕ ಎರಡು. ಈ ಎರಡು ಲೆಕ್ಕಗಳು ಆಗಾಗ ಒಂದೇ ಅಂಗಳದಲ್ಲಿ ಸೇರುತ್ತವೆ. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, 11ಕ್ಕೆ ರಂಜಾನ್ ಈದ್. 2025ರಲ್ಲಿ ಮಾರ್ಚ್ 30 ಮತ್ತು 31. ಬೇವು ಬೆಲ್ಲದ ಮರುದಿನವೇ ಶೀರ್‌ಖುರ್ಮಾ. ನಾವು ಚಿಕ್ಕವರಿದ್ದಾಗ, 1992ರ ಏಪ್ರಿಲ್ ಆರಂಭದಲ್ಲೂ ಹೀಗೆಯೇ ಆಗಿತ್ತು. ಒಂದು ಸುತ್ತು ಪೂರ್ತಿಯಾಯಿತು.

ಮೂರನೆಯ ಲೆಕ್ಕ ಮಳೆಯದು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮಿರಗ, ಆರಿದ್ರಾ ಎಂದು ಸೂರ್ಯನ ದಾರಿಯಲ್ಲಿ ಎಣಿಸುವ ಲೆಕ್ಕ. ಗುಂಜಹಳ್ಳಿಯ ಮುಸ್ಲಿಂ ರೈತನಿಗೆ ರಜಬ್, ಶಾಬಾನ್ ತಪ್ಪಿದರೂ ಈ ಹೆಸರು ತಪ್ಪುವುದಿಲ್ಲ.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬನ್ನು ಆಳಿದ ಸುಲ್ತಾನರಿಗೂ ಇದೇ ತೊಡಕು ಎದುರಾಗಿತ್ತು. ನಮಾಜಿಗೆ, ರೋಜಾಕ್ಕೆ ಹಿಜರಿ ಸರಿ. ಕಂದಾಯಕ್ಕೆ? ಪೈರು ಹೊಲದಲ್ಲೇ ಇರುವಾಗ ಹಿಜರಿ ವರ್ಷ ಮುಗಿದುಹೋದರೆ ರೈತ ಏನು ಕಟ್ಟಿಯಾನು? ಅದಕ್ಕೆ ದಖನಿನಲ್ಲಿ ‘ಶುಹೂರ್ ಸನ್’ ಎಂಬ ಶಕೆ ಬಳಕೆಗೆ ಬಂತು. ‘ಶಹರ್’ ಎಂದರೆ ಅರಬಿಯಲ್ಲಿ ತಿಂಗಳು, ಅದರ ಬಹುವಚನ ಶುಹೂರ್. ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ, 1344ರ ಸುಮಾರಿಗೆ ಇದು ಆರಂಭವಾಯಿತೆಂದು ಎಣಿಸುತ್ತಾರೆ. ವರ್ಷದ ಸಂಖ್ಯೆಯನ್ನು ಬರೆಯುತ್ತಿದ್ದುದು ಅರಬಿ ಪದಗಳಲ್ಲಿ. ಆದರೆ ವರ್ಷ ಹುಟ್ಟುತ್ತಿದ್ದುದು ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದ ದಿನ! ಅದಕ್ಕೇ ಅದಕ್ಕೆ ‘ಮೃಗ ಸಾಲ್’ ಎಂಬ ಇನ್ನೊಂದು ಹೆಸರು. ಬಿಜಾಪುರದ ಆದಿಲ್‌ಶಾಹಿ ಕಾಗದಪತ್ರಗಳಲ್ಲಿ ಅದು ನಡೆಯಿತು, ಮರಾಠರ ದಫ್ತರಗಳಲ್ಲೂ ನಡೆಯಿತು. ಕಾರ ಹುಣ್ಣಿಮೆಯ ಆಸುಪಾಸಿನಲ್ಲೇ ಸುಲ್ತಾನರ ಸರ್ಕಾರಿ ಹೊಸ ವರ್ಷ ಬರುತ್ತಿತ್ತು ಎಂದರೆ ಇಂದಿನ ಎಷ್ಟು ಜನ ನಂಬುವರೋ ಕಾಣೆವು.

ಅಕ್ಬರನ ಕಾಲದ ಫಸ್ಲಿ ಶಕೆಯದೂ ಇದೇ ಕಥೆ. ಫಸಲು ಎಂಬ ನಮ್ಮ ದಿನಬಳಕೆಯ ಮಾತೇ ಅದರ ಹೆಸರಿನಲ್ಲಿದೆ. ನಿಜಾಮರ ರಾಜ್ಯದಲ್ಲಿ, ಅಂದರೆ 1948ರವರೆಗಿನ ನಮ್ಮ ರಾಯಚೂರಿನಲ್ಲಿ, ಸರ್ಕಾರಿ ಕಾಗದಗಳ ಮೇಲೆ ಫಸ್ಲಿ ತಾರೀಖು ಇರುತ್ತಿತ್ತು. ಚಾಚಾನ ಟ್ರಂಕಿನಲ್ಲಿ ಹೊಲದ ಹಳೆಯ ಉರ್ದು ಕಾಗದಗಳಿವೆ. ಆಜೂರ್, ದೈ, ಬಹಮನ್, ಖುರ್ದಾದ್, ಅಮರ್ದಾದ್ ಎಂಬ ತಿಂಗಳುಗಳನ್ನು ಉರ್ದು ಓದಿದ ನಾವೇ ತಡವರಿಸಿ ಓದಬೇಕಾಯಿತು. ಇವು ಅರಬಿ ಹೆಸರುಗಳಲ್ಲ, ಇಸ್ಲಾಮಿಗೂ ಹಿಂದಿನ ಇರಾನಿನ ಅಗ್ನಿಪೂಜಕರ ತಿಂಗಳುಗಳು. ಮುಸ್ಲಿಂ ದೊರೆ, ಪಾರಸಿ ತಿಂಗಳು, ಕನ್ನಡದ ಹೊಲ!

ಪಂಚಾಂಗವನ್ನು ಋತುವಿನಿಂದ ಬಿಡಿಸಿದರೆ ಹಬ್ಬಕ್ಕೆ ಏನಾಗುತ್ತದೆ ಎಂಬುದನ್ನು ಜಪಾನಿನಲ್ಲಿ ನೋಡಬಹುದು. ಅಲ್ಲಿಯ ಸರ್ಕಾರ 1873ರ ಜನವರಿ 1ರಿಂದ ಹಳೆಯ ಚಾಂದ್ರಮಾನ ಬಿಟ್ಟು ಇಂಗ್ಲಿಷ್ ಕ್ಯಾಲೆಂಡರ್ ಹಿಡಿಯಿತು. ಏಳನೆಯ ತಿಂಗಳ ಏಳನೆಯ ದಿನ ಅವರಿಗೆ ‘ತಾನಾಬಾತಾ’ ಹಬ್ಬ. ನೇಯುವ ಹುಡುಗಿ ಮತ್ತು ದನ ಕಾಯುವ ಹುಡುಗ ಎಂಬ ಎರಡು ನಕ್ಷತ್ರಗಳು ವರ್ಷಕ್ಕೊಮ್ಮೆ ಆಕಾಶಗಂಗೆ ದಾಟಿ ಸೇರುವ ರಾತ್ರಿ ಅದು. ಹೊಸ ಕ್ಯಾಲೆಂಡರಿನ ಜುಲೈ 7 ಅಲ್ಲಿ ಮಳೆಗಾಲ. ಮೋಡದಲ್ಲಿ ನಕ್ಷತ್ರ ಕಾಣುವುದೇ ಕಷ್ಟ. ಸೆಂದಾಯ್ ಊರಿನವರು ಒಂದು ತಿಂಗಳು ತಡಮಾಡಿ ಆಗಸ್ಟ್ 6ರಿಂದ 8ರವರೆಗೆ ಆಚರಿಸುತ್ತಾರೆ. ಹಳೆಯ ಋತುವನ್ನು ಅವರು ಹೀಗೆ ಕಾಪಾಡಿಕೊಂಡರು. ನಮ್ಮಲ್ಲಿ ಯಾವ ಸರ್ಕಾರವೂ ಕಾರ ಹುಣ್ಣಿಮೆಯನ್ನು ಕದಲಿಸಲಿಲ್ಲ. ಅದನ್ನು ಕದಲಿಸುತ್ತಿರುವುದು ಟ್ರ್ಯಾಕ್ಟರ್.

ಮೊಹರ್ರಮ್‌ನ ಮಾತು ಬೇರೆ. ಅದು ಬಿತ್ತನೆಗೂ ಬರುತ್ತದೆ, ಸುಗ್ಗಿಗೂ ಬರುತ್ತದೆ. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರ್ರಮ್‌ಗೆ ದೂರದೂರದಿಂದ ಜನ ಸೇರುತ್ತಾರೆ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಏಳುತ್ತವೆ, ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಧರ್ಮಶಾಸ್ತ್ರ ಬಲ್ಲ ನಮ್ಮವರಲ್ಲಿ ಇದಕ್ಕೆ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಕರ್ಬಲಾದ ದುಃಖ ಇಲ್ಲಿಯ ಕನ್ನಡಕ್ಕೆ ಇಳಿದದ್ದು ಆ ಅಲಾಯಿ ಕುಣಿಗಳ ಸುತ್ತಲೇ ಎಂಬುದೂ ಅಷ್ಟೇ ನಿಜ.

ಹುಣ್ಣಿಮೆಯ ಸಂಜೆ ಅಗಸೆಯಲ್ಲಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿದ್ದರು. ಕರಿ ಹರಿಯುವಾಗ ಕಂದು ಎತ್ತು ಮುಂದಾದರೆ ಮುಂಗಾರಿ ಬೆಳೆ, ಬಿಳಿಯದು ಮುಂದಾದರೆ ಹಿಂಗಾರಿ ಬೆಳೆ ಎಂಬ ನಂಬಿಕೆ. ಹಿಂದೆ ಎತ್ತುಗಳ ಸಾಲು ಮುಗಿಯುತ್ತಲೇ ಇರಲಿಲ್ಲವಂತೆ, ಈ ಸಲ ಬೆರಳೆಣಿಕೆಯ ಜೋಡಿಗಳು. ಚಾಚಾನ ಎತ್ತುಗಳ ಹಗ್ಗ ಹಿಡಿದವನು ಮೊಮ್ಮಗ. ಕೈಗೆಲ್ಲ ಕೋಡಿನ ಕೆಂಪು ಬಣ್ಣ ಮೆತ್ತಿತ್ತು. ಮುಂದೆ ಹೋದದ್ದು ಪಕ್ಕದ ಓಣಿಯವರ ಕಂದು ಎತ್ತು. ಮನೆಗೆ ಬಂದ ಚಾಚಾ ಹೋಳಿಗೆ ಮುರಿಯುತ್ತ, ನಾಳೆ ತೊಗರಿ ಬೀಜಕ್ಕೆ ಪೇಟೆಗೆ ಹೋಗಬೇಕು, ನೀವೂ ಬರುತ್ತೀರೇನು ಎಂದು ನಮ್ಮನ್ನು ಕೇಳಿದರು.