ಕಾಫಿ ಗಿಡದ ಜೀವಕೋಶ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿರುವ ಅರೇಬಿಕಾ ಗಿಡದ ಕೋಶಕೇಂದ್ರದಲ್ಲಿ 44 ವರ್ಣತಂತುಗಳಿವೆ, ರೊಬಸ್ಟಾದಲ್ಲಿ 22. ಮರದ ನೆರಳಿನಲ್ಲೂ ಬೆಳಕು ಹಿಡಿದು ಸಕ್ಕರೆ ತಯಾರಿಸುವುದು ಎಲೆಯ ಕ್ಲೋರೊಪ್ಲಾಸ್ಟ್. ಆ ಸಕ್ಕರೆಯಿಂದ ಶಕ್ತಿ ಬಿಡಿಸುವುದು ಮೈಟೊಕಾಂಡ್ರಿಯ. ಕೆಫೀನ್ ಶೇಖರವಾಗುವುದು ರಸದಾನಿಯಲ್ಲಿ. ಬೀಜ ಕಲ್ಲಿನಂತೆ ಗಟ್ಟಿಯಾಗಿರಲು ಅದರ ದಪ್ಪ ಕೋಶಭಿತ್ತಿ ಕಾರಣ.

ಈ ಗಿಡವನ್ನು ಕಾಡುವ ಬಿಳಿ ಕಾಂಡಕೊರಕ ಹುಳುವಿನ ಕೋಶಕ್ಕೆ ಪೊರೆಯಷ್ಟೇ ಇದೆ, ಭಿತ್ತಿಯಿಲ್ಲ. ಪತ್ರಹರಿತ್ತೂ ಇಲ್ಲದ್ದರಿಂದ ಅದು ಕಾಂಡವನ್ನು ತಿಂದೇ ಬದುಕಬೇಕು. ಬೆಳೆಗಾರ ಗಮನಿಸಬೇಕಾದ ಇನ್ನೊಂದು ಪೀಡೆ ಎಲೆ ತುಕ್ಕು ರೋಗ. ಅದರ ಶಿಲೀಂಧ್ರ ಎಲೆಯಡಿಯ ಪತ್ರರಂಧ್ರಗಳಿಂದ ನುಗ್ಗಿ, ಕೋಶಭಿತ್ತಿ ತೂರಿ, ಹೀರುಬೇರುಗಳಿಂದ ಆಹಾರ ಕದಿಯುತ್ತದೆ. ಎಲೆ ಹಳದಿಗಟ್ಟಿ ಉದುರುತ್ತದೆ. ಈ ರೋಗವನ್ನು ತಾಳಿಕೊಳ್ಳುವ ಎಸ್.795ರಂಥ ತಳಿಗಳನ್ನು ಕೊಟ್ಟದ್ದು 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ.