ಹಳೆಯ ವಾಹನಗಳಲ್ಲಿ ಕ್ರೂಸ್ ಕಂಟ್ರೋಲ್ ದೋಷಪತ್ತೆ

ಕ್ರೂಸ್ ಕಂಟ್ರೋಲ್ ಅಥವಾ ಸ್ಥಿರವೇಗ ನಿಯಂತ್ರಕ ಎಂಬುದು ಚಾಲಕನು ಆಯ್ದ ವೇಗವನ್ನು, ಆತನು ಆಕ್ಸಿಲರೇಟರ್ ತುಳಿಯದಿದ್ದರೂ, ಒಂದೇ ಸಮನಾಗಿ ಕಾಯ್ದುಕೊಳ್ಳುವ ವ್ಯವಸ್ಥೆಯಾಗಿದೆ. ವಾಹನವು ಹಳೆಯದಾದಂತೆ ಇದರಲ್ಲಿ ಮೂರು ಬಗೆಯ ದೋಷಗಳು ಕಾಣಿಸಿಕೊಳ್ಳುತ್ತವೆ: ಚಾಲನೆಗೆ ಬಾರದಿರುವುದು, ವೇಗವನ್ನು ಸ್ಥಿರವಾಗಿ ಹಿಡಿಯದಿರುವುದು ಮತ್ತು ಬ್ರೇಕ್ ಒತ್ತಿದರೂ ವೇಗವನ್ನು ಬಿಡದಿರುವುದು. ಮೊದಲನೆಯದು ಸಾಮಾನ್ಯವಾದುದು, ಅದರಿಂದ ಅನನುಕೂಲವೇ ಹೊರತು ಅಪಾಯವಿಲ್ಲ. ಕೊನೆಯದು ವಿರಳವಾದರೂ ಪ್ರಾಣಾಪಾಯಕಾರಿಯಾದುದು. ಆದ್ದರಿಂದ ದೋಷಪತ್ತೆಯಲ್ಲಿ ಈ ವ್ಯತ್ಯಾಸವನ್ನು ಮೊದಲು ಗುರುತಿಸಬೇಕಾಗುತ್ತದೆ.

ಇತಿಹಾಸ

ಯಂತ್ರದ ವೇಗವನ್ನು ತಾನಾಗಿಯೇ ಹತೋಟಿಯಲ್ಲಿಡುವ ಗವರ್ನರನ್ನು ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದನು. ಹೊಲಗಳಲ್ಲಿ ಬಳಸುವ ಡೀಸೆಲ್ ಪಂಪ್‌ಸೆಟ್ಟಿನ ಗವರ್ನರ್ ಸಹ ಇದೇ ತತ್ತ್ವದ್ದು. ಭಾರ ಹೆಚ್ಚಿದಾಗ ಅದು ಇಂಧನವನ್ನು ಹೆಚ್ಚಿಸುತ್ತದೆ, ಭಾರ ಇಳಿದಾಗ ಕಡಿಮೆ ಮಾಡುತ್ತದೆ. ಮೋಟಾರು ವಾಹನಗಳ ಆಧುನಿಕ ಕ್ರೂಸ್ ಕಂಟ್ರೋಲನ್ನು ರೂಪಿಸಿದವನು ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ (1890–1982). ಐದನೆಯ ವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡ ಈತನಿಗೆ 1950ರಲ್ಲಿ ಇದರ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯು ಇದನ್ನು ತನ್ನ ಕಾರುಗಳಲ್ಲಿ ಒದಗಿಸಿತು.

ಭಾರತದಲ್ಲಿ ಇದು ಬಹುಕಾಲ ದುಬಾರಿ ಕಾರುಗಳಿಗೆ ಸೀಮಿತವಾಗಿತ್ತು. 2011ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ500, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಕ್ರಿಸ್ಟಾ (2016) ಮೊದಲಾದ ವಾಹನಗಳ ಮೇಲ್ದರ್ಜೆಯ ಮಾದರಿಗಳೊಂದಿಗೆ ಇದು ಹೆಚ್ಚು ಪರಿಚಿತವಾಯಿತು. ಈ ಪೀಳಿಗೆಯ ವಾಹನಗಳು ಈಗ ಹಳೆಯದಾಗುತ್ತಿವೆ.

ಕಾರ್ಯವಿಧಾನ

ಹಳೆಯ ವಿದೇಶಿ ಕಾರುಗಳಲ್ಲಿ ಎಂಜಿನ್ನಿನ ನಿರ್ವಾತ ಒತ್ತಡದಿಂದ ಚಲಿಸುವ ರಬ್ಬರ್ ಪೊರೆಯೊಂದು ಕೇಬಲ್ ಮೂಲಕ ಥ್ರಾಟಲನ್ನು ಎಳೆಯುತ್ತದೆ. ಇನ್ನು ಕೆಲವುಗಳಲ್ಲಿ ಈ ಕೆಲಸವನ್ನು ಸಣ್ಣ ವಿದ್ಯುತ್ ಮೋಟಾರು ಮಾಡುತ್ತದೆ. ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ಕೇಬಲ್ಲೇ ಇಲ್ಲದ ನಂತರದ ವಾಹನಗಳಲ್ಲಿ ಎಂಜಿನ್ ನಿಯಂತ್ರಣ ಘಟಕವು (ಇಸಿಯು) ನೇರವಾಗಿ ವೇಗವನ್ನು ಹಿಡಿದಿಡುತ್ತದೆ.

ಬಗೆ ಯಾವುದಾದರೂ ನಿಯಮ ಒಂದೇ. ವಾಹನದ ವೇಗ ತಿಳಿಯಬೇಕು, ಬ್ರೇಕ್ ಮತ್ತು ಕ್ಲಚ್ ಒತ್ತಿಲ್ಲವೆಂಬುದು ಖಚಿತವಾಗಬೇಕು, ಸ್ಟೀರಿಂಗ್ ಮೇಲಿನ ಗುಂಡಿಯಿಂದ ಆದೇಶ ಬರಬೇಕು. ಇವುಗಳಲ್ಲಿ ಒಂದರ ಬಗ್ಗೆ ಸಂಶಯ ಬಂದರೂ ವ್ಯವಸ್ಥೆಯು ತಾನಾಗಿಯೇ ಹಿಂದೆ ಸರಿಯುವಂತೆ ಅದನ್ನು ರಚಿಸಲಾಗಿದೆ. ಹೀಗಾಗಿ ಕ್ರೂಸ್ ಕಂಟ್ರೋಲ್ ಕೆಲಸ ಮಾಡದಿದ್ದರೆ ಅದರ ಮುಖ್ಯ ಘಟಕವೇ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಅನೇಕ ಸಲ ಮೂಲ ಕಾರಣವು ಕಡಿಮೆ ಬೆಲೆಯ ಒಂದು ಸ್ವಿಚ್ಚು, ಬಲ್ಬು ಅಥವಾ ಫ್ಯೂಸ್ ಆಗಿರುತ್ತದೆ.

ದೋಷಪತ್ತೆಯ ಕ್ರಮ

ಸುಲಭವಾದ ಪರೀಕ್ಷೆಯಿಂದ ಕಠಿಣವಾದುದರ ಕಡೆಗೆ ಹೋಗುವುದು ವಾಡಿಕೆ.

1. ಬಳಕೆಯ ಷರತ್ತು: ಬಹಳಷ್ಟು ವಾಹನಗಳಲ್ಲಿ ಗಂಟೆಗೆ ಸುಮಾರು 40 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಈ ವ್ಯವಸ್ಥೆ ಚಾಲನೆಗೆ ಬರುವುದಿಲ್ಲ. ಮೊದಲು ಮುಖ್ಯ ಗುಂಡಿಯನ್ನು, ಬಳಿಕ ವೇಗ ನಿಗದಿಯ ಗುಂಡಿಯನ್ನು ಒತ್ತಬೇಕಾಗುತ್ತದೆ.

2. ಎಚ್ಚರಿಕೆಯ ದೀಪಗಳು: ಎಂಜಿನ್ ಅಥವಾ ಎಬಿಎಸ್ ದೀಪ ಉರಿಯುತ್ತಿದ್ದರೆ ಅನೇಕ ವಾಹನಗಳಲ್ಲಿ ಇಸಿಯು ಕ್ರೂಸ್ ಕಂಟ್ರೋಲನ್ನು ತಡೆಹಿಡಿಯುತ್ತದೆ. ಆಗ ಮೊದಲು ಆ ದೋಷವನ್ನು ಸ್ಕ್ಯಾನರ್ ಮೂಲಕ ತಿಳಿದು ಸರಿಪಡಿಸಬೇಕು.

3. ಫ್ಯೂಸ್: ಮಾಲೀಕರ ಕೈಪಿಡಿಯಲ್ಲಿ ಸೂಚಿಸಿರುವ ಫ್ಯೂಸನ್ನು ಪರೀಕ್ಷಿಸಬೇಕು. ಹೊಸದನ್ನು ಹಾಕಿದ ಕೂಡಲೇ ಅದೂ ಸುಟ್ಟರೆ ತಂತಿಯಲ್ಲಿ ಶಾರ್ಟ್ ಇದೆಯೆಂದು ಅರ್ಥ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದು ಬೆಂಕಿಗೆ ದಾರಿ.

4. ಬ್ರೇಕ್ ದೀಪ ಮತ್ತು ಸ್ವಿಚ್ಚು: ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಹಿಂದೆ ನಿಂತು ದೀಪಗಳನ್ನು ನೋಡಬೇಕು. ದೀಪ ಉರಿಯದಿದ್ದರೆ ಅಥವಾ ಪೆಡಲ್ ಬಿಟ್ಟ ಮೇಲೂ ಆರದಿದ್ದರೆ ಪೆಡಲಿನ ಮೇಲಿರುವ ಸ್ವಿಚ್ಚು ಸವೆದಿರಬಹುದು ಇಲ್ಲವೆ ಸ್ಥಾನ ಪಲ್ಲಟಗೊಂಡಿರಬಹುದು. ಕೆಲವು ಹಳೆಯ ವ್ಯವಸ್ಥೆಗಳು ಬ್ರೇಕ್ ಬಲ್ಬಿನ ತಂತುವಿನ ಮೂಲಕವೇ ವಿದ್ಯುನ್ಮಂಡಲವನ್ನು ಪೂರ್ಣಗೊಳಿಸುತ್ತವೆ. ಅಂತಹ ವಾಹನಕ್ಕೆ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದರೆ ದೀಪ ಚೆನ್ನಾಗಿ ಉರಿದರೂ ಕ್ರೂಸ್ ಕಂಟ್ರೋಲ್ ನಿಂತುಹೋಗಬಹುದು.

5. ಕ್ಲಚ್ ಸ್ವಿಚ್ಚು: ಕೈಗೇರಿನ ವಾಹನಗಳಲ್ಲಿ ಇದೂ ಬ್ರೇಕ್ ಸ್ವಿಚ್ಚಿನಂತೆಯೇ ಕೆಲಸ ಮಾಡುತ್ತದೆ. ಕ್ಲಚ್ ಪೆಡಲ್ ಪೂರ್ತಿ ಮೇಲೇಳದಿದ್ದರೂ ವ್ಯವಸ್ಥೆಯು ಚಾಲನೆಗೆ ಬಾರದು.

6. ಸ್ಟೀರಿಂಗ್ ಗುಂಡಿಗಳು: ಕ್ರೂಸ್ ಗುಂಡಿಯ ಜೊತೆಗೆ ಹಾರ್ನ್ ಸಹ ಕೈಕೊಟ್ಟು, ಏರ್‌ಬ್ಯಾಗ್ ದೀಪ ಉರಿದರೆ ಸ್ಟೀರಿಂಗ್ ಒಳಗಿನ ಸುರುಳಿ ಪಟ್ಟಿ ತುಂಡಾಗಿರುವ ಸಾಧ್ಯತೆ ಹೆಚ್ಚು. ಏರ್‌ಬ್ಯಾಗ್ ಇರುವ ಕಾರಣ ಇದನ್ನು ತರಬೇತಿ ಪಡೆದವರೇ ಬಿಚ್ಚಬೇಕು.

7. ವೇಗ ಸಂವೇದಕ: ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಅಥವಾ ಸೊನ್ನೆಯಲ್ಲೇ ನಿಂತರೆ ದೋಷವು ಸಂವೇದಕದಲ್ಲಿ ಅಥವಾ ಅದರ ತಂತಿಯಲ್ಲಿರುತ್ತದೆ.

8. ನಿರ್ವಾತ ಕೊಳವೆ ಮತ್ತು ಕೇಬಲ್: ಏರಿನಲ್ಲಿ ವೇಗ ಕುಸಿದರೆ ಬಿರುಕುಬಿಟ್ಟ ರಬ್ಬರ್ ಕೊಳವೆಯನ್ನೂ, ವೇಗವು ಏರುತ್ತ ಇಳಿಯುತ್ತ ಹೊಯ್ದಾಡಿದರೆ ಸಡಿಲಗೊಂಡ ಅಥವಾ ಅಂಟಿಕೊಳ್ಳುವ ಕೇಬಲನ್ನೂ ಸಂಶಯಿಸಬೇಕು. ಇದು ಕೇಬಲ್ ಇರುವ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.

ಇಷ್ಟರಲ್ಲಿ ಕಾರಣ ಸಿಗದಿದ್ದಾಗ ಮಾತ್ರ ನಿಯಂತ್ರಣ ಘಟಕದ ಬದಲಾವಣೆಯನ್ನು ಯೋಚಿಸುವುದು ಮಿತವ್ಯಯದ ದಾರಿ.

ಸುರಕ್ಷತೆ

ಕ್ರೂಸ್ ಕಂಟ್ರೋಲನ್ನು ಹೇಗಾದರೂ ಚಾಲನೆಗೆ ತರಬೇಕೆಂದು ಬ್ರೇಕ್ ಅಥವಾ ಕ್ಲಚ್ ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಜೋಡಿಸುವುದು ಅತ್ಯಂತ ಅಪಾಯಕಾರಿ. ಬ್ರೇಕ್ ಒತ್ತಿದೊಡನೆ ವೇಗವನ್ನು ಬಿಡಿಸುವ ಸಾಧನವೇ ಆ ಸ್ವಿಚ್ಚು. ಅದನ್ನು ತಪ್ಪಿಸಿದರೆ ಕೆಲಸ ಮಾಡದ ಒಂದು ಸೌಕರ್ಯದ ಜಾಗದಲ್ಲಿ ನಿಲ್ಲಲೊಲ್ಲದ ವಾಹನವೊಂದು ರಸ್ತೆಗೆ ಬಂದಂತಾಗುತ್ತದೆ.

ಚಾಲನೆಯಲ್ಲಿರುವಾಗ ವೇಗ ಬಿಡದಿದ್ದರೆ ಬ್ರೇಕನ್ನು ಬಿಟ್ಟುಬಿಟ್ಟು ಒತ್ತದೆ ಬಲವಾಗಿ ಒತ್ತಿಹಿಡಿದು, ಗೇರನ್ನು ನ್ಯೂಟ್ರಲ್‌ಗೆ ತಂದು, ರಸ್ತೆಯ ಬದಿಗೆ ನಿಲ್ಲಿಸಿ, ಆಮೇಲೆ ಎಂಜಿನ್ ಆರಿಸಬೇಕು. ವಾಹನ ಓಡುತ್ತಿರುವಾಗ ಕೀಲಿಯನ್ನು ಹೊರತೆಗೆದರೆ ಸ್ಟೀರಿಂಗ್ ಬಿಗಿದುಕೊಳ್ಳಬಹುದು.

ಸಣ್ಣ ಬಿಡಿಭಾಗವೂ ದೊಡ್ಡ ಅನಾಹುತಕ್ಕೆ ಕಾರಣವಾಗಬಲ್ಲದೆಂಬುದಕ್ಕೆ ಅಮೆರಿಕದ ಫೋರ್ಡ್ ವಾಹನಗಳ ಪ್ರಕರಣ ನಿದರ್ಶನ. ಕ್ರೂಸ್ ಕಂಟ್ರೋಲನ್ನು ಸ್ಥಗಿತಗೊಳಿಸುವ ಒತ್ತಡದ ಸ್ವಿಚ್ಚಿನೊಳಗೆ ಬ್ರೇಕ್ ಎಣ್ಣೆ ಸೋರಿ, ನಿಂತಿದ್ದ ವಾಹನಗಳಿಗೂ ಬೆಂಕಿ ಹತ್ತಿತು. 1999ರಿಂದ 2009ರ ನಡುವೆ ಹಲವು ಹಂತಗಳಲ್ಲಿ ಸುಮಾರು 1 ಕೋಟಿ 40 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಲಾಯಿತು.

ಕೊಪ್ಪಳ ಜಿಲ್ಲೆಯ ರಸ್ತೆಗಳಲ್ಲಿ

ದೋಷದ ಸ್ವರೂಪದ ಮೇಲೆ ಸ್ಥಳೀಯ ಹವೆ, ಮಣ್ಣು ಮತ್ತು ರಸ್ತೆಗಳ ಪ್ರಭಾವವೂ ಇರುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಇದಕ್ಕೆ ಉತ್ತಮ ಉದಾಹರಣೆ. ಕೊಪ್ಪಳದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 67 (ಹಿಂದಿನ 63) ಮತ್ತು ಕುಷ್ಟಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50 (ಹಿಂದಿನ 13) ಇಲ್ಲಿ ಕ್ರೂಸ್ ಕಂಟ್ರೋಲ್ ಬಳಕೆಗೆ ಅವಕಾಶ ನೀಡುವ ಪ್ರಮುಖ ಮಾರ್ಗಗಳು. ಆದರೆ ಈ ಹೆದ್ದಾರಿಗಳಲ್ಲಿಯೂ ಟ್ರ್ಯಾಕ್ಟರುಗಳು, ಕುರಿ ಹಿಂಡುಗಳು, ಎದುರು ದಿಕ್ಕಿನಿಂದ ಬರುವ ದ್ವಿಚಕ್ರ ವಾಹನಗಳು ಅಡ್ಡಬರುವುದುಂಟು. ಆದ್ದರಿಂದ ಬ್ರೇಕ್ ಸ್ವಿಚ್ಚಿನ ಸುಸ್ಥಿತಿ ಇಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ.

ಬೇಸಿಗೆಯ ಕಡುಬಿಸಿಲಿಗೆ ರಬ್ಬರ್ ಕೊಳವೆಗಳೂ ಪ್ಲಾಸ್ಟಿಕ್ ಕನೆಕ್ಟರುಗಳೂ ಬೇಗ ಪೆಡಸಾಗುತ್ತವೆ. ಯಲಬುರ್ಗಾ ಭಾಗದ ಎರೆಮಣ್ಣಿನ ಧೂಳು ಮತ್ತು ಕೆಸರು ಚಕ್ರದ ಬಳಿಯ ಸಂವೇದಕಗಳಿಗೆ ಅಂಟಿಕೊಳ್ಳಬಲ್ಲವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯುಳ್ಳ ಗಂಗಾವತಿಯ ಭತ್ತದ ಸೀಮೆಯಲ್ಲಿ ಗದ್ದೆಗಳಿಂದ ಬರುವ ಟ್ರ್ಯಾಕ್ಟರುಗಳು ರಸ್ತೆಗೆ ಕೆಸರನ್ನು ತರುತ್ತವೆ. ಇಂತಹ ಜಾರುವ ರಸ್ತೆಯಲ್ಲಿಯೂ ಮಳೆಯಲ್ಲಿಯೂ ದೋಷವಿಲ್ಲದ ಕ್ರೂಸ್ ಕಂಟ್ರೋಲನ್ನು ಸಹ ಬಳಸಬಾರದು. ಧಾನ್ಯದ ಗೋದಾಮುಗಳ ಬಳಿ ಬಹಳ ದಿನ ನಿಲ್ಲಿಸಿದ ವಾಹನಗಳಲ್ಲಿ ಇಲಿ ಕಡಿದ ತಂತಿಗಳನ್ನೂ ಪರಿಶೀಲಿಸಬೇಕು.

ವೇಗಮಿತಿ ಸಾಧನದೊಂದಿಗೆ ವ್ಯತ್ಯಾಸ

ಕ್ರೂಸ್ ಕಂಟ್ರೋಲ್ ಮತ್ತು ವೇಗಮಿತಿ ಸಾಧನ ಒಂದೇ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 118ನೆಯ ನಿಯಮದಂತೆ ಹಲವು ಬಗೆಯ ಸಾರಿಗೆ ವಾಹನಗಳಿಗೆ ಅಳವಡಿಸಲಾಗುವ ವೇಗಮಿತಿ ಸಾಧನವು ನಿಗದಿತ ವೇಗವನ್ನು ಮೀರದಂತೆ ತಡೆಯುತ್ತದೆ. ವೇಗವನ್ನು ತಾನಾಗಿ ಕಾಯ್ದುಕೊಳ್ಳುವುದಿಲ್ಲ. ಅದು ಕಾನೂನಿನ ಕಡ್ಡಾಯ. ಕ್ರೂಸ್ ಕಂಟ್ರೋಲ್ ಕೇವಲ ಐಚ್ಛಿಕ ಸೌಕರ್ಯ. ದುರಸ್ತಿಯಾಗುವವರೆಗೆ ಅದರ ಮುಖ್ಯ ಗುಂಡಿಯನ್ನು ಆರಿಸಿಟ್ಟು, ಎಂದಿನಂತೆ ಕಾಲಿನಿಂದಲೇ ವೇಗವನ್ನು ನಿಯಂತ್ರಿಸುತ್ತ ವಾಹನವನ್ನು ಬಳಸಬಹುದು. ಆದರೆ ದೋಷವು ಬ್ರೇಕ್ ದೀಪ ಅಥವಾ ಬ್ರೇಕ್ ಸ್ವಿಚ್ಚಿನಲ್ಲಿದ್ದರೆ ಅದನ್ನು ಮುಂದೂಡದೆ ಸರಿಪಡಿಸಬೇಕು. ಏಕೆಂದರೆ ಆ ದೀಪವನ್ನು ನಂಬಿ ಹಿಂದೆ ಇನ್ನೊಂದು ವಾಹನ ಬರುತ್ತಿರುತ್ತದೆ.